ಕೈಗೆ ಕೇಳಿಸುವ ರಸ್ತೆ

ಸಾರಥ್ಯವನ್ನು ನಮ್ಮ ಹಿಂದಿನವರು ದೊಡ್ಡ ವಿದ್ಯೆಯೆಂದು ಎಣಿಸಿದ್ದರು. ಅಶ್ವಹೃದಯವನ್ನು ಬಲ್ಲ ನಳ ಮಹಾರಾಜ, ಬಾಹುಕನೆಂಬ ಹೆಸರಿನಲ್ಲಿ ಮರೆಯಾಗಿದ್ದಾಗಲೂ, ಋತುಪರ್ಣನ ರಥವನ್ನು ಒಂದೇ ಹಗಲಿನಲ್ಲಿ ವಿದರ್ಭಕ್ಕೆ ಮುಟ್ಟಿಸಿದನೆಂದು ಕಥೆ. ಕೃಷ್ಣನ ಸಾರಥ್ಯಕ್ಕೆ ಸರಿಗಟ್ಟಲು ಕರ್ಣನಿಗೆ ಶಲ್ಯನಂಥ ಅರಸನೇ ಬೇಕಾಯಿತು. ಇಂಥ ಕಥೆಗಳನ್ನು ಓದುವಾಗ, ವಾಘೆಯೆಂದರೆ ಕುದುರೆಗೆ ಅಪ್ಪಣೆ ಕೊಡುವ ಸಾಧನ ಎಂದಷ್ಟೇ ನಾವು ತಿಳಿದುಬಿಡುತ್ತೇವೆ. ಆದರೆ ಜಟಕಾ ಓಡಿಸಿದ ಹಿರಿಯರನ್ನು ಕೇಳಿದ್ದರೆ ಅವರು ಬೇರೆಯೇ ಮಾತು ಹೇಳುತ್ತಿದ್ದರು. ಕುದುರೆ ಬೆದರುವ ಮೊದಲೇ ಅದರ ಬಾಯಿಯ ಬಿಗಿತ ವಾಘೆಯ ಮೂಲಕ ಬೆರಳಿಗೆ ಗೊತ್ತಾಗುತ್ತದೆ. ಕಾಲು ಜಾರುವ ನೆಲಕ್ಕೆ ಬಂದಾಗ ಅದರ ಅಳುಕೂ ಅಲ್ಲಿಯೇ ತಿಳಿಯುತ್ತದೆ. ಅಂದರೆ ವಾಘೆ ಆಜ್ಞೆ ಹೋಗುವ ದಾರಿ ಮಾತ್ರವಲ್ಲ, ವರ್ತಮಾನ ಬರುವ ದಾರಿಯೂ ಹೌದು.

ಮೋಟಾರು ಕಾರಿನಲ್ಲಿ ಈ ವಾಘೆಯ ಸ್ಥಾನದಲ್ಲಿ ಸ್ಟಿಯರಿಂಗ್ ಚಕ್ರವಿದೆ. ಅದಕ್ಕೂ ಇವೇ ಎರಡು ಕೆಲಸಗಳು. ನಾವು ತಿರುಗಿಸಿದೊಡನೆ ಕಾರು ಎಷ್ಟು ಬೇಗ, ಎಷ್ಟು ನಿಖರವಾಗಿ ಓಗೊಡುತ್ತದೆ ಎಂಬುದು ಒಂದು. ರಸ್ತೆಯ ಮೇಲೆ ಟೈರುಗಳಿಗೆ ಏನಾಗುತ್ತಿದೆ ಎಂಬುದನ್ನು ಕೈಗೆ ಎಷ್ಟು ಸ್ಪಷ್ಟವಾಗಿ ತಿಳಿಸುತ್ತದೆ ಎಂಬುದು ಇನ್ನೊಂದು. ತಮ್ಮ ಕಾರುಗಳನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ಹವ್ಯಾಸದವರು ಈಚೆಗೆ ಊರೂರಿನಲ್ಲಿಯೂ ಕಾಣುತ್ತಾರೆ. ಅವರಲ್ಲಿ ಬಹುಮಂದಿಯ ಗಮನವೆಲ್ಲ ಮೊದಲನೆಯದರ ಮೇಲೆಯೇ. ಎರಡನೆಯದನ್ನು ಕಳೆದುಕೊಂಡು ಮೊದಲನೆಯದನ್ನು ಗಳಿಸುವುದು ಎಷ್ಟು ಅಪಾಯಕರವೆಂಬುದನ್ನು, ಮತ್ತು ಎರಡನ್ನೂ ಉಳಿಸಿಕೊಳ್ಳುವ ದಾರಿ ಯಾವುದೆಂಬುದನ್ನು ಈ ಹೊತ್ತು ವಿವರಿಸಬೇಕೆಂದಿದ್ದೇನೆ.

ಮೊದಲು ಚಕ್ರ ತಿರುಗುವ ಬಗೆಯನ್ನು ನೋಡೋಣ. ಎತ್ತಿನ ಗಾಡಿಗೆ ಈ ಚಿಂತೆಯಿಲ್ಲ. ಎತ್ತು ಹೊರಳಿದತ್ತ ಮೂಕಿ, ಮೂಕಿ ಹೊರಳಿದತ್ತ ಗಾಡಿ. ನಾಲ್ಕು ಚಕ್ರದ ಸಾರೋಟಿನಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುವಿನ ಗೂಟದ ಸುತ್ತ ಹೊರಳುತ್ತಿತ್ತು. ಮ್ಯೂನಿಕ್ಕಿನ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್ ಎಂಬಾತ, ಅಚ್ಚನ್ನು ಕದಲಿಸದೆ ಎರಡು ಚಕ್ರಗಳನ್ನು ಮಾತ್ರ ಬೇರೆ ಬೇರೆಯಾಗಿ ಹೊರಳಿಸುವ ಉಪಾಯವನ್ನು ಕಂಡುಕೊಂಡ. 1818ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟು ಪಡೆದವನು ಅವನ ಪ್ರತಿನಿಧಿ ಆಕರ್ಮನ್; ಹೆಸರೂ ಆಕರ್ಮನ್ನನಿಗೇ ಉಳಿಯಿತು. ತಿರುವಿನ ಒಳಬದಿಯ ಚಕ್ರ ಸಣ್ಣ ವೃತ್ತದಲ್ಲಿಯೂ ಹೊರಬದಿಯದು ದೊಡ್ಡ ವೃತ್ತದಲ್ಲಿಯೂ ಸಾಗುವುದರಿಂದ ಒಳಚಕ್ರ ಸ್ವಲ್ಪ ಹೆಚ್ಚು ಹೊರಳಬೇಕು. ಕುದುರೆ ಹೋಗಿ ಮೋಟಾರು ಬಂದಮೇಲೂ ಈ ತತ್ತ್ವ ಉಳಿದುಕೊಂಡಿದೆ. ನಮ್ಮ ಕೈಯ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಏರ್ಪಾಡಿನಲ್ಲಿ ಹಲವು ಬಗೆಗಳಿದ್ದರೂ, ಇಂದು ಹೆಚ್ಚಾಗಿ ಕಾಣುವುದು ರ‍್ಯಾಕ್ ಮತ್ತು ಪಿನಿಯನ್, ಎಂದರೆ ಹಲ್ಲಿನ ಪಟ್ಟಿಯ ಮೇಲೆ ಉರುಳುವ ಹಲ್ಲುಗಾಲಿ. ನಮ್ಮ ಹಳೆಯ ಅಂಬಾಸಡರಿನಲ್ಲಿಯೂ ಇದೇ ಇತ್ತು.

ಇಷ್ಟು ಕಬ್ಬಿಣದ ಮಾತು. ಆದರೆ ನಿಜವಾದ ಕಥೆ ಇರುವುದು ರಬ್ಬರಿನಲ್ಲಿ. ಒಂದು ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು ನಮ್ಮ ಅಂಗೈಯಷ್ಟು. ನಾಲ್ಕು ಅಂಗೈಗಳ ಮೇಲೆ ಇಡೀ ಕಾರು ನಿಂತಿದೆ. ಚಕ್ರವನ್ನು ಹೊರಳಿಸಿದಾಗ ಟೈರು ತಾನು ಮುಖಮಾಡಿದ ದಿಕ್ಕಿನಲ್ಲಿಯೇ ಹೋಗುವುದಿಲ್ಲ. ನೆಲಕ್ಕೆ ಅಂಟಿದ ಭಾಗ ತಿರುಚಿಕೊಂಡು, ಚಕ್ರ ನೋಡುವ ದಿಕ್ಕಿಗೂ ಸಾಗುವ ದಿಕ್ಕಿಗೂ ನಡುವೆ ಸಣ್ಣದೊಂದು ಕೋನ ಏರ್ಪಡುತ್ತದೆ. ಈ ತಿರುಚುವಿಕೆಯಿಂದಲೇ ಕಾರನ್ನು ಪಕ್ಕಕ್ಕೆ ಒಯ್ಯುವ ಬಲ ಹುಟ್ಟುವುದು. ಸಾಧಾರಣ ತಿರುವುಗಳಲ್ಲಿ ಆ ಕೋನ ಒಂದೆರಡು ಡಿಗ್ರಿಗಳಷ್ಟು ಮಾತ್ರ.

ಇಲ್ಲಿ ಒಂದು ಸ್ವಾರಸ್ಯವಿದೆ. ಹೀಗೆ ಹುಟ್ಟಿದ ಬಲ ಆ ಅಂಗೈಯ ನಟ್ಟನಡುವೆ ಕೆಲಸ ಮಾಡುವುದಿಲ್ಲ; ತುಸು ಹಿಂದೆ ಕೆಲಸ ಮಾಡುತ್ತದೆ. ಆದ್ದರಿಂದ ಚಕ್ರ ತನ್ನಷ್ಟಕ್ಕೆ ನೆಟ್ಟಗಾಗಲು ತವಕಿಸುತ್ತದೆ. ತಿರುವಿನಲ್ಲಿ ಸ್ಟಿಯರಿಂಗ್ ನಮ್ಮ ಕೈಯನ್ನು ಮೆಲ್ಲಗೆ ಹಿಂದಕ್ಕೆ ಒತ್ತುವುದು ಇದರಿಂದ. ತಿರುವು ಬಿಗಿಯಾದಂತೆ ಒತ್ತಡ ಹೆಚ್ಚುತ್ತದೆ. ಆದರೆ ಟೈರಿನ ಹಿಡಿತ ತನ್ನ ಮಿತಿಯ ಹತ್ತಿರ ಬರುತ್ತಿದ್ದಂತೆ, ಅಂಗೈಯ ಹಿಂಬದಿ ಮೊದಲು ಜಾರತೊಡಗುತ್ತದೆ; ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ; ಕೈಗೆ ಬರುತ್ತಿದ್ದ ಒತ್ತಡ ಇಳಿಯುತ್ತದೆ. ಹಿಡಿತ ಪೂರ್ತಿ ತಪ್ಪುವುದಕ್ಕೆ ಮೊದಲೇ ಸ್ಟಿಯರಿಂಗ್ ಹಗುರವಾಗುತ್ತದೆ! ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಓಡಿಸಿದವರಿಗೆ ಈ ಹಗುರ ಗೊತ್ತು. ಆ ಕ್ಷಣದಲ್ಲಿ ಯಾರೂ ಹೇಳದೆಯೇ ಅವರ ಕಾಲು ವೇಗವನ್ನು ಇಳಿಸುತ್ತದೆ. ಸ್ಟಿಯರಿಂಗಿನ ಸ್ಪರ್ಶ ಎಂದು ಬಲ್ಲವರು ಹೊಗಳುವುದು ಬರಿಯ ಸುಖವನ್ನಲ್ಲ, ಈ ಮುನ್ನೆಚ್ಚರಿಕೆಯನ್ನು.

ಚಕ್ರ ನೆಟ್ಟಗಾಗಲು ಇನ್ನೊಂದು ಕಾರಣವೂ ಉಂಟು. ಸೈಕಲ್ಲಿನ ಮುಂದಿನ ಫೋರ್ಕು ನೇರವಾಗಿ ನಿಂತಿರುವುದಿಲ್ಲ, ಹಿಂದಕ್ಕೆ ಒರಗಿರುತ್ತದೆ. ಅದರ ಅಕ್ಷವನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗ ಆ ಗೆರೆಗಿಂತ ಹಿಂದೆ ಬೀಳುತ್ತದೆ. ಹುಡುಗರು ಕೈಬಿಟ್ಟು ಸೈಕಲ್ ಓಡಿಸಲು ಇದೂ ಒಂದು ಆಸರೆ. ಕಾರಿನಲ್ಲಿಯೂ ಚಕ್ರ ಹೊರಳುವ ಅಕ್ಷವನ್ನು ಹೀಗೆ ಹಿಂದಕ್ಕೆ ಒರಗಿಸಿರುತ್ತಾರೆ. ಈ ಒರಗಿಗೆ ಕ್ಯಾಸ್ಟರ್ ಎಂದು ಹೆಸರು. ಕ್ಯಾಸ್ಟರ್ ಹೆಚ್ಚಿಸಿದರೆ ಕಾರು ನೇರ ರಸ್ತೆಯಲ್ಲಿ ಸ್ಥಿರವಾಗಿ ಹೋಗುತ್ತದೆ, ಸ್ಟಿಯರಿಂಗ್ ಗಟ್ಟಿಯಾಗಿ ತೂಕವಾಗಿ ತೋರುತ್ತದೆ. "ಈಗ ಸ್ಟಿಯರಿಂಗಿಗೆ ಜೀವ ಬಂತು" ಎಂದು ಮಾಲೀಕ ಹಿಗ್ಗುತ್ತಾನೆ. ಆದರೆ ಯೋಚಿಸಿ ನೋಡಬೇಕು. ಕ್ಯಾಸ್ಟರಿನಿಂದ ಬಂದ ಒತ್ತಡ ಹಿಡಿತ ತಪ್ಪುವ ಸಮಯದಲ್ಲಿ ಟೈರಿನ ಒತ್ತಡದಂತೆ ಮುಂಚಿತವಾಗಿ ಇಳಿಯುವುದಿಲ್ಲ. ಅದು ಅತಿಯಾದರೆ, ಟೈರಿನ ಪಿಸುಮಾತು ಅದರ ದೊಡ್ಡ ದನಿಯಲ್ಲಿ ಮುಳುಗಿಹೋಗುತ್ತದೆ. ಭಾರ ಬೇರೆ, ಸ್ಪರ್ಶ ಬೇರೆ. ಕಾರು ಮಾರ್ಪಡಿಸುವವರು ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಲಿ ಎಂದು ನನ್ನ ಬಿನ್ನಹ.

ಇನ್ನು ಒಂದು ನಿದರ್ಶನ. ನಮ್ಮ ದೇಶದ ಮಧ್ಯಮ ವರ್ಗಕ್ಕೆ ಕಾರಿನ ರುಚಿ ಹತ್ತಿಸಿದ್ದು ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಗಿರಾಕಿಯ ಕೈಸೇರಿತು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಹಳೆಯದಾದ ಈ ಪುಟ್ಟ ಕಾರನ್ನು ಅಗ್ಗಕ್ಕೆ ಕೊಂಡು ಚುರುಕುಗೊಳಿಸುವ ಉತ್ಸಾಹಿಗಳು ಈಗಲೂ ಇದ್ದಾರೆ. ಅದರ ಸ್ಟಿಯರಿಂಗಿಗೆ ಸಾಮಾನ್ಯವಾಗಿ ಪವರಿನ ಸಹಾಯವಿರಲಿಲ್ಲ; ಮುಂಗಾಲಿಗಳ ಮೇಲೆ ಭಾರ ಕಡಿಮೆ; ಟೈರಿನ ಅಗಲ 145 ಮಿಲಿಮೀಟರು, ರಿಮ್ಮು 12 ಅಂಗುಲ. ಹೀಗಾಗಿ ಸುಸ್ಥಿತಿಯಲ್ಲಿದ್ದಾಗ ಅದು ಕೈಗೆ ಸಾಕಷ್ಟು ಮಾತಾಡುವ ಕಾರು. ಉತ್ಸಾಹಿಗಳು ಇದಕ್ಕೆ ಮಾಡುವುದು ಹೆಚ್ಚಾಗಿ ನಾಲ್ಕು ಕೆಲಸ: ಅಗಲವಾದ ಟೈರು ಹಾಕುವುದು, ಚಕ್ರವನ್ನು ಹೊರಕ್ಕೆ ತಳ್ಳುವುದು, ಕಾರನ್ನು ನೆಲಕ್ಕೆ ಇಳಿಸುವುದು, ಸ್ಟಿಯರಿಂಗ್ ಚಕ್ರವನ್ನು ಚಿಕ್ಕದು ಮಾಡುವುದು.

ಅಗಲ ಟೈರಿನಿಂದ ಲಾಭವಿಲ್ಲವೆಂದಲ್ಲ. ಗೋಡೆ ಗಿಡ್ಡವಾಗಿ ಬಿರುಸಾಗಿರುವ ಟೈರು ಬೇಗ ತಿರುಚಿಕೊಳ್ಳುತ್ತದೆ, ಕಾರು ಬೇಗ ಓಗೊಡುತ್ತದೆ. ಒಣ ರಸ್ತೆಯಲ್ಲಿ ಹಿಡಿತವೂ ಹೆಚ್ಚುತ್ತದೆ. ಆದರೆ ಹಿಡಿತ ತಪ್ಪುವಾಗ ಥಟ್ಟನೆ ತಪ್ಪುವುದು ಇಂಥ ಟೈರುಗಳ ಸ್ವಭಾವ. ಹಗುರವಾದ ಕಾರಿಗೆ ಅತಿ ಅಗಲದ ಟೈರು ಹಾಕಿದರೆ ನೀರು ನಿಂತ ರಸ್ತೆಯಲ್ಲಿ ತೇಲುವ ಭಯವೂ ಹೆಚ್ಚು. 145 ಮಿಲಿಮೀಟರಿನ, 12 ಅಂಗುಲದ 70 ಸರಣಿಯ ಟೈರನ್ನು ತೆಗೆದು, 165 ಮಿಲಿಮೀಟರಿನ, 13 ಅಂಗುಲದ 65 ಸರಣಿಯದನ್ನು ಹಾಕಿದರೆ ವ್ಯಾಸ ಸುಮಾರು 37 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಆಗ ವೇಗದ ಮುಳ್ಳು 80 ಕಿಲೋಮೀಟರು ಎಂದು ತೋರುವಾಗ ಕಾರು ಮೊದಲು ಓಡುತ್ತಿದ್ದುದಕ್ಕಿಂತ ಶೇಕಡಾ 7ರಷ್ಟು ಹೆಚ್ಚು ವೇಗದಲ್ಲಿರುತ್ತದೆ. ಕೈಗೆ ಬರುವ ಸುದ್ದಿ ಕೆಡುವ ಮೊದಲೇ ಕಣ್ಣಿಗೆ ಬರುವ ಸುದ್ದಿ ಕೆಟ್ಟಿತು.

ಎರಡನೆಯದು ಚಕ್ರವನ್ನು ಹೊರಕ್ಕೆ ತಳ್ಳುವುದು. ಸ್ಪೇಸರ್ ಎಂಬ ಬಿಲ್ಲೆಗಳನ್ನು ನಡುವೆ ಕೊಟ್ಟೋ, ಬೇರೆ ಅಳತೆಯ ರಿಮ್ಮು ಹಾಕಿಯೋ ಟೈರನ್ನು ಮಡ್‌ಗಾರ್ಡಿನ ಅಂಚಿಗೆ ತರುತ್ತಾರೆ. ನೋಡಲು ಗತ್ತಾಗಿರುತ್ತದೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಕದಲುವುದಿಲ್ಲ. ದೂರದ ಅಂಚಿನಲ್ಲಿ ಬೆರಳಿಟ್ಟರೆ ಸಾಕು, ತೆರೆದುಕೊಳ್ಳುತ್ತದೆ. ಚಕ್ರ ಹೊರಳುವ ಅಕ್ಷವೇ ಕೀಲು. ಟೈರು ಅದರಿಂದ ದೂರ ಸರಿದಷ್ಟೂ ಒಂದು ಗುಂಡಿ, ಒಂದು ಕಲ್ಲು ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳುವ ಬಲ ಪಡೆಯುತ್ತದೆ. ಇದು ಸುದ್ದಿಯಲ್ಲ, ಗದ್ದಲ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಮುಂಗಾಲಿಗಳಿಂದ ಓಡುವ ಅನೇಕ ಕಾರುಗಳಲ್ಲಿ ಬ್ರೇಕಿನ ಎಣ್ಣೆ ಎರಡು ಬೇರೆ ದಾರಿಗಳಲ್ಲಿ ಹರಿಯುತ್ತದೆ: ಎಡ ಮುಂಗಾಲಿ ಬಲ ಹಿಂಗಾಲಿಗೆ ಒಂದು, ಬಲ ಮುಂಗಾಲಿ ಎಡ ಹಿಂಗಾಲಿಗೆ ಇನ್ನೊಂದು. ಒಂದು ದಾರಿ ಸೋರಿ ಕೆಟ್ಟರೂ ಇನ್ನೊಂದು ಉಳಿಯಲಿ ಎಂದು. ಆದರೆ ಆಗ ಮುಂದೆ ಒಂದೇ ಗಾಲಿಗೆ ಬ್ರೇಕು ಹಿಡಿದು ಕಾರು ಆ ಕಡೆಗೆ ಎಳೆಯುತ್ತದೆ. ಇದಕ್ಕೆ ಪರಿಹಾರವಾಗಿ, ಹೊರಳುವ ಅಕ್ಷವು ಟೈರಿನ ನಡುಗೆರೆಗಿಂತ ತುಸು ಹೊರಗೆ ನೆಲ ಮುಟ್ಟುವಂತೆ ರಚಿಸುವ ಪದ್ಧತಿ ಬಂತು. 1972ರ ಔಡಿ 80 ಕಾರು ಇದಕ್ಕೆ ಹೆಸರಾಯಿತು. ಹಾಗಿದ್ದಾಗ, ಬ್ರೇಕು ಹಿಡಿದ ಗಾಲಿ ತಾನಾಗಿಯೇ ಎದುರು ದಿಕ್ಕಿಗೆ ಹೊರಳಿ, ಕಾರನ್ನು ನೇರ ದಾರಿಯಲ್ಲಿ ಉಳಿಸಲು ನೆರವಾಗುತ್ತದೆ. ಎಂಜಿನಿಯರರು ಹೀಗೆ ಕೆಲವೇ ಮಿಲಿಮೀಟರುಗಳ ಲೆಕ್ಕದಲ್ಲಿ ಅಡಗಿಸಿಟ್ಟ ಈ ರಕ್ಷಣೆಯನ್ನು ಅಂದಕ್ಕಾಗಿ ಹಾಕಿದ ಒಂದು ಬಿಲ್ಲೆ ಅಳಿಸಿಹಾಕಬಲ್ಲದು. ಅಳಿಸಿದ್ದು ಯಾರಿಗೂ ಕಾಣುವುದಿಲ್ಲ. ಬ್ರೇಕು ಕೆಟ್ಟ ದಿನ ಕಾಣುತ್ತದೆ.

ಮೂರನೆಯದು ಕಾರನ್ನು ತಗ್ಗಿಸುವುದು. ಸ್ಪ್ರಿಂಗನ್ನು ಗಿಡ್ಡ ಮಾಡಿದರೆ ಕಾರಿನ ಭಾರಕೇಂದ್ರ ಕೆಳಗಿಳಿದು, ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಚಕ್ರ ಮೇಲಕ್ಕೂ ಕೆಳಕ್ಕೂ ಆಡುವಾಗ, ಅದನ್ನು ಹಿಡಿದಿರುವ ತೋಳು ಒಂದು ಕಮಾನಿನಲ್ಲಿ ಆಡುತ್ತದೆ, ಅದನ್ನು ಹೊರಳಿಸುವ ಟೈರಾಡು ಇನ್ನೊಂದು ಕಮಾನಿನಲ್ಲಿ ಆಡುತ್ತದೆ. ಒಂದೇ ಮಟ್ಟದಲ್ಲಿ, ಒಂದೇ ಉದ್ದದ ಹಗ್ಗಕ್ಕೆ ಕಟ್ಟಿದ ಎರಡು ಉಯ್ಯಾಲೆಗಳು ಜೊತೆಜೊತೆಯಾಗಿ ತೂಗುತ್ತವೆ. ಒಂದರ ಹಗ್ಗವನ್ನು ಬದಲಿಸಿದರೆ ಜೊತೆ ತಪ್ಪುತ್ತದೆ. ತಯಾರಕರು ಈ ಎರಡು ಕಮಾನುಗಳನ್ನು ಆದಷ್ಟು ಹೊಂದಿಸಿರುವುದು ಕಾರಿನ ಮೂಲ ಎತ್ತರದಲ್ಲಿ. ಬರಿಯ ಸ್ಪ್ರಿಂಗು ಕತ್ತರಿಸಿದರೆ ಆ ಹೊಂದಿಕೆ ಹೋಗಿ, ಉಬ್ಬು ತಗ್ಗು ಸಿಕ್ಕಿದಾಗಲೆಲ್ಲ ಚಕ್ರ ನಮ್ಮ ಅಪ್ಪಣೆಯಿಲ್ಲದೆ ತಾನೇ ಹೊರಳುತ್ತದೆ. ಕೈ ನೇರ ಹಿಡಿದಿದ್ದರೂ ಕಾರು ಅತ್ತಿತ್ತ ಮೂಗು ಹಾಕುತ್ತದೆ. ಮಾಲೀಕನಿಗೆ ಇದು ಚುರುಕಾಗಿ ತೋರುವುದುಂಟು! ತಗ್ಗಿಸಲೇಬೇಕಾದರೆ ಟೈರಾಡಿನ ಹೊರಕೀಲಿನ ಎತ್ತರವನ್ನೋ ರ‍್ಯಾಕಿನ ಎತ್ತರವನ್ನೋ ಅದಕ್ಕೆ ತಕ್ಕಂತೆ ಸರಿಪಡಿಸಬೇಕು. ಅದು ಬಲ್ಲವರು ಅಳತೆ ಹಿಡಿದು ಮಾಡಬೇಕಾದ ಕೆಲಸ.

ನಾಲ್ಕನೆಯದು ಚಿಕ್ಕ ಸ್ಟಿಯರಿಂಗ್ ಚಕ್ರ. 38 ಸೆಂಟಿಮೀಟರು ವ್ಯಾಸದ್ದನ್ನು ತೆಗೆದು 32ರದ್ದನ್ನು ಹಾಕಿದರೆ ಕೈ ಚಲಿಸುವ ದೂರ ಕಡಿಮೆಯಾಗುತ್ತದೆ, ಹಾಕಬೇಕಾದ ಬಲ ಶೇಕಡಾ 19ರಷ್ಟು ಹೆಚ್ಚಾಗುತ್ತದೆ. ಕಾರು ಚುರುಕಾದಂತೆ ಅನ್ನಿಸಿದರೂ ಸ್ಟಿಯರಿಂಗ್ ಎಷ್ಟು ಡಿಗ್ರಿ ತಿರುಗಿದರೆ ಗಾಲಿ ಎಷ್ಟು ಡಿಗ್ರಿ ಹೊರಳುತ್ತದೆ ಎಂಬ ಪ್ರಮಾಣದಲ್ಲಿ ಕೂದಲೆಳೆಯ ವ್ಯತ್ಯಾಸವೂ ಆಗಿರುವುದಿಲ್ಲ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಈ ಬದಲಾವಣೆ ಮಾಡುವುದೆಂದರೆ, ಎದೆಯ ಮುಂದಿನ ಕಾವಲುಗಾರನನ್ನು ಕೈಯಾರೆ ಕಳಿಸಿಕೊಟ್ಟಂತೆ.

ಹಾಗಾದರೆ ಮಾಡಬೇಕಾದುದೇನು? ನನ್ನ ಉತ್ತರ ಉತ್ಸಾಹಿಗಳಿಗೆ ಸಪ್ಪೆಯೆನಿಸಬಹುದು. ಹೊಸದನ್ನು ಕೂಡಿಸುವ ಮೊದಲು ಸವೆದುದನ್ನು ನೇರ್ಪುಗೊಳಿಸಬೇಕು. ವರ್ಕ್‌ಷಾಪಿನವರು "ಸ್ಟಿಯರಿಂಗಿನಲ್ಲಿ ಪ್ಲೇ ಇದೆ" ಎನ್ನುತ್ತಾರಲ್ಲ, ಆ ಸಡಿಲವನ್ನು ಲೆಕ್ಕ ಹಾಕಿ ನೋಡೋಣ. 38 ಸೆಂಟಿಮೀಟರಿನ ಸ್ಟಿಯರಿಂಗ್ ಚಕ್ರದ ಅಂಚಿನಲ್ಲಿ ಎರಡೂವರೆ ಸೆಂಟಿಮೀಟರು ಸಡಿಲವಿದೆಯೆನ್ನಿ. ಅದು ಸುಮಾರು ಏಳೂವರೆ ಡಿಗ್ರಿ. ಸ್ಟಿಯರಿಂಗ್ 18 ಡಿಗ್ರಿ ತಿರುಗಿದರೆ ಗಾಲಿ 1 ಡಿಗ್ರಿ ಹೊರಳುವ ಕಾರಿನಲ್ಲಿ, ಇದು ಗಾಲಿಯ ಬಳಿ 0.4 ಡಿಗ್ರಿಯಷ್ಟಾಯಿತು. ಇಷ್ಟೇ ತಾನೆ ಎನ್ನಬಾರದು. ಒಂದೆರಡು ಡಿಗ್ರಿಗಳಲ್ಲಿಯೇ ತಿರುವಿನ ವ್ಯವಹಾರವೆಲ್ಲ ನಡೆಯುವುದೆಂದು ಆಗಲೇ ಹೇಳಿದೆನಷ್ಟೆ. ಟೈರು ಕೊಡುವ ಸೂಕ್ಷ್ಮ ವರ್ತಮಾನವೆಲ್ಲ ಈ ಸಡಿಲದಲ್ಲಿಯೇ ಇಂಗಿಹೋಗುತ್ತದೆ. 80 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರು ಓಡುತ್ತದೆ. ಓಗೊಡುವುದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾದರೂ, ಎರಡು ಮೀಟರಿಗೆ ಮೀರಿದ ದೂರ ಕುರುಡಾಗಿ ಸಾಗಿತು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಟೈರಿನ ಗಾಳಿ, ಕೈಪಿಡಿಯಲ್ಲಿ ಬರೆದಷ್ಟು. ಖರ್ಚಿಲ್ಲದ ಈ ಕೆಲಸದಿಂದಲೇ ಅರ್ಧ ದೂರು ನಿವಾರಣೆಯಾಗುವುದುಂಟು. ಆಮೇಲೆ ಬಾಲ್ ಜಾಯಿಂಟು, ಟೈರಾಡಿನ ಕೊನೆ, ರ‍್ಯಾಕನ್ನು ಹಿಡಿದಿರುವ ರಬ್ಬರು, ಸ್ಟಿಯರಿಂಗ್ ದಂಡದ ಕೀಲು, ಇವುಗಳಲ್ಲಿ ಸವೆದುದನ್ನು ಬದಲಿಸುವುದು. ಮೂರನೆಯದು ತೋಳುಗಳ ಬುಷ್ಷು. ರಬ್ಬರಿನ ಬದಲು ಪಾಲಿಯುರಿಥೇನಿನ ಗಟ್ಟಿ ಬುಷ್ಷು ಹಾಕಿದರೆ ಕಾರು ಚುರುಕಾಗಿ ಓಗೊಡುತ್ತದೆ. ಜೊತೆಗೆ ರಸ್ತೆಯ ನಡುಕವೂ ಸದ್ದೂ ಒಳಕ್ಕೆ ಬರುತ್ತವೆ. ಹೊಸ ರಬ್ಬರೇ ಎಷ್ಟೋ ಮಂದಿಗೆ ಸಾಕಾಗುತ್ತದೆ. ನಾಲ್ಕನೆಯದು ವೀಲ್ ಅಲೈನ್‌ಮೆಂಟು. ಮುಂಗಾಲಿಗಳ ಮೂಗು ತುಸು ಒಳಮುಖವಾಗಿದ್ದರೆ ನೇರ ಓಟಕ್ಕೆ ಹಿತ. ಹೊರಮುಖವಾಗಿದ್ದರೆ ತಿರುವಿಗೆ ಬೇಗ ಇಳಿಯುತ್ತದೆ, ಆದರೆ ನೇರ ರಸ್ತೆಯಲ್ಲಿ ಅಲೆದಾಡುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರಿಚಿತವಾದ ರಸ್ತೆಯಲ್ಲಿ, ವಾಹನಗಳಿಲ್ಲದ ಹೊತ್ತಿನಲ್ಲಿ, ಮಿತವಾದ ವೇಗದಲ್ಲಿ ಓಡಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಗುಣವಾದುದು ಯಾವುದರಿಂದ, ಕೆಟ್ಟುದು ಯಾವುದರಿಂದ ಎಂಬುದು ಎಂದಿಗೂ ತಿಳಿಯದು. ಇಷ್ಟಾದ ಮೇಲೂ ಹಲವರಿಗೆ ಬೇರೆ ಮಾರ್ಪಾಟು ಬೇಡವೆನಿಸುತ್ತದೆ. ಅವರು ಬಯಸಿದ ಕಾರು ಸವೆತದ ಅಡಿಯಲ್ಲಿ ಮೊದಲೇ ಇತ್ತು.

ಹೊಸ ಕಾರುಗಳ ಮಾತು ಬೇರೆ. ಎಣ್ಣೆಯ ಒತ್ತಡದಿಂದ ಕೈಗೆ ನೆರವಾಗುವ ಸ್ಟಿಯರಿಂಗನ್ನು ಮಾರಾಟದ ಕಾರಿನಲ್ಲಿ ಮೊದಲು ಕೊಟ್ಟದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ಲಿನಲ್ಲಿ. ವಿದ್ಯುತ್ ಮೋಟಾರಿನ ನೆರವು 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿನಿಂದ ಆರಂಭವಾಯಿತು. ಇಂದು ಹೆಚ್ಚಿನ ಕಾರುಗಳಲ್ಲಿ ಇರುವುದು ಅದೇ. ವೃದ್ಧರಿಗೂ, ನಿತ್ಯವೂ ನಗರದ ಇಕ್ಕಟ್ಟಿನಲ್ಲಿ ಓಡಿಸುವವರಿಗೂ ಅದು ದೊಡ್ಡ ಉಪಕಾರ. ಆದರೆ ಕೈಗೂ ಗಾಲಿಗೂ ನಡುವೆ ದುಭಾಷಿಯೊಬ್ಬ ಬಂದು ಕುಳಿತಂತಾಯಿತು. ಮೋಟಾರು ಎಷ್ಟು ನೆರವಾಗಬೇಕೆಂಬುದನ್ನು ಗಣಕವು ನಿರ್ಧರಿಸುತ್ತದೆ. ಗುಂಡಿಯೊಂದನ್ನು ಒತ್ತಿದರೆ ಸ್ಟಿಯರಿಂಗ್ ಗಟ್ಟಿಯಾಗುವ ಏರ್ಪಾಡು ಕೆಲವು ಕಾರುಗಳಲ್ಲಿದೆ. ಬಹುಪಾಲು ಅದು ನೆರವನ್ನು ಕಡಿಮೆ ಮಾಡುತ್ತದೆಯೇ ಹೊರತು ರಸ್ತೆಯ ವರ್ತಮಾನವನ್ನು ಹೆಚ್ಚಿಸುವುದಿಲ್ಲ. ಭಾರವೇ ಬೇರೆ, ಸ್ಪರ್ಶವೇ ಬೇರೆ ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ಇಂಥ ಕಾರಿನಲ್ಲಿ ದುಭಾಷಿಯನ್ನು ತಿದ್ದಲು ಹೋಗುವುದಕ್ಕಿಂತ ಒಳ್ಳೆಯ ಟೈರು, ಸರಿಯಾದ ಗಾಳಿ, ಸಡಿಲವಿಲ್ಲದ ಕೀಲುಗಳನ್ನು ಕಾಪಾಡಿಕೊಳ್ಳುವುದು ಜಾಣತನ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ನಿರ್ಬಂಧಿಸಿದೆ. ಸವೆದ ಕೀಲನ್ನು ಹೊಸದು ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ರಚನೆಯನ್ನೇ ಬದಲಿಸುವವರು ಮೊದಲು ವಿಚಾರಿಸಿಕೊಳ್ಳಬೇಕು. ರಸ್ತೆ ನಮ್ಮೊಬ್ಬರ ಸೊತ್ತಲ್ಲ. ಶಾಲೆ ಬಿಟ್ಟು ಬರುವ ಮಕ್ಕಳು, ಸಂತೆಯಿಂದ ಮರಳುವ ಗಾಡಿಗಳು, ಎದುರಿನಿಂದ ಬರುವ ಬಸ್ಸಿನ ತುಂಬ ಕುಳಿತ ಜನ, ಇವರು ಯಾರೂ ನಮ್ಮ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವರಲ್ಲ.

ಚೆನ್ನಾಗಿ ಮಾತಾಡುವ ಸ್ಟಿಯರಿಂಗ್ ಇದ್ದರೆ ಮನುಷ್ಯ ಹೆಚ್ಚು ವೇಗವಾಗಿ ಓಡಿಸುತ್ತಾನಲ್ಲವೆ ಎಂದು ಕೆಲವರು ಕೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮಿತಿ ಎಲ್ಲಿದೆಯೆಂದು ಗೊತ್ತಿಲ್ಲದವನು ಅದನ್ನು ದಾಟಿದ ಮೇಲೆಯೇ ತಿಳಿಯುತ್ತಾನೆ. ಗೊತ್ತಿರುವವನು ಅದರ ಈಚೆಗೇ ನಿಲ್ಲುತ್ತಾನೆ. ರಸ್ತೆ ಒದ್ದೆಯಾಗಿದೆ, ಟೈರು ದಣಿದಿದೆ, ಇನ್ನು ಸಾಕು ಎಂದು ಹೇಳಬಲ್ಲ ಕಾರು, ಅದನ್ನು ಕೇಳಬಲ್ಲ ಕೈ, ಈ ಎರಡು ಕೂಡಿದಾಗಲೇ ಸಾರಥ್ಯ. ಮಾರ್ಪಡಿಸುವವರ ಜಾಣ್ಮೆಯೆಲ್ಲ ಆ ಮಾತು ನಡುದಾರಿಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದರಲ್ಲಿದೆ.

(ಬಾನುಲಿ ಭಾಷಣ)